ಬಜೆಟ್ ಅಂದ್ರ ಒಂದು ಚೀಲ

ಹೋದ ತಿಂಗಳ ನಮ್ಮ ಮೈದುನನ ಮಗಳು ಪರೀಕ್ಷಾದ ಅಭ್ಯಾಸಕ್ಕಂತ ನಮ್ಮ ಮನಿಗೆ ಬಂದು ನಾಕು ದಿನ ಇದ್ದಳು. ಸೆಕೆಂಡ್ ಪಿಯುಸಿ, ಕಾಮರ್ಸ್. ನಾನು ರೊಟ್ಟಿ ಬಡಿಯಾಕತ್ತಿದ್ದೆ, ಆಕಿ ಅಡಗಿಮನಿ ಬಾಗಲದಾಗ ಕುಂತು ಅರ್ಥಶಾಸ್ತ್ರ ಓದಾಕತ್ತಿದ್ದಳು. ನಡುವ ತಲಿ ಎತ್ತಿ, "ದೊಡ್ಡವ್ವಾ, ಬಜೆಟ್ ಅಂದ್ರ ಏನು ಹೇಳು ನೋಡೂಣು" ಅಂದ್ಲು.

ನಾನೂ ಪಿಯುಸಿ ಓದಿದಾಕಿನ. ಆಗ ಬಾಯಿಪಾಠ ಮಾಡಿದ್ದು ಇನ್ನೂ ಹೋಗಿಲ್ಲ. ಹಿಟ್ಟಿನ ಕೈಯಿಂದನ ಹೇಳಿದೆ: "ಮುಂದಿನ ಒಂದು ವರ್ಷದ ಸರ್ಕಾರದ ಅಂದಾಜು ಆದಾಯ ಮತ್ತು ವೆಚ್ಚಗಳ ಪಟ್ಟಿಗೆ ಬಜೆಟ್ ಎನ್ನುವರು."

"ಪೂರಾ ಮಾರ್ಕ್ಸ್" ಅಂದು ನಕ್ಕಳು. ಆಮ್ಯಾಲ ಮೊಬೈಲ್ ನೋಡಿಕೋತ, "ಆದ್ರ ಮೊದಲ ಅದರ ಅರ್ಥ ಬ್ಯಾರೆ ಇತ್ತಂತ. ಸಣ್ಣ ಚರ್ಮದ ಚೀಲ ಅಂತ" ಅಂದ್ಲು.

ಲಟಕ್ಕನ ನನ್ನ ಕೈ ನಿಂತು ಬಿಟ್ಟಿತು. ತವಾದ ಮ್ಯಾಲಿನ ರೊಟ್ಟಿ ಸೀದು ಹೋತು. ಯಾಕ ಅಂತ ಕಡೀಕ ಹೇಳತೀನಿ. ಮೊದಲ ಆ ಶಬ್ದದ ಕಥಿ ಕೇಳ್ರಿ. ಆ ಹುಡುಗಿ ಹೋದ ಮ್ಯಾಲ ಎಂಟು ದಿನ ಅದನ್ನ ಹುಡುಕಿ ಹುಡುಕಿ ಓದೀನಿ.

ಈಗ ಫ್ರಾನ್ಸ್ ಇರೂ ಸೀಮಿಯೊಳಗ ರೋಮಿನವರ ಕಾಲಕ್ಕ ಗಾಲ್ ಅನ್ನೂ ಜನ ಇದ್ರು. ಚರ್ಮದ ಚೀಲಕ್ಕ ಅವರ ಮಾತಿನ್ಯಾಗ ಇದ್ದ ಹೆಸರನ್ನ ರೋಮಿನವರು ತಮ್ಮ ಲ್ಯಾಟಿನ್ ಭಾಷಾಕ್ಕ ತಗೊಂಡು 'ಬುಲ್ಗಾ' ಅಂದ್ರು. ಅದು ಫ್ರೆಂಚಿನ್ಯಾಗ 'ಬೂಜ್' ಆತು. ಬೂಜ್ ಅಂದ್ರ ಚೀಲ, 'ಬೂಜೆಟ್' ಅಂದ್ರ ಸಣ್ಣ ಚೀಲ. 15ನೇ ಶತಮಾನದ ಹೊತ್ತಿಗೆ ಅದು ಸಮುದ್ರ ದಾಟಿ ಇಂಗ್ಲಿಷಿಗೆ ಬಂತು. ಇಂಗ್ಲಿಷಿನ್ಯಾಗ ಉಬ್ಬೂದಕ್ಕ 'ಬಲ್ಜ್' ಅಂತಾರಲ್ಲ, ಅದೂ ಇದ ಬೇರಿನ ಶಬ್ದ. ಚೀಲ ತುಂಬಿದ್ರ ಉಬ್ಬತೈತಲ್ಲ ಮತ್ತ.

ಮೊದಲ ಚೀಲಕ್ಕಷ್ಟ ಇದ್ದ ಹೆಸರು ಆಮ್ಯಾಲ ಚೀಲದಾಗ ಇದ್ದದ್ದಕ್ಕೂ ಬಂತು. ಇದು ನಮಗೇನು ಹೊಸಾದಲ್ಲ. "ಡಬ್ಬಿ ಉಂಡ್ಯಾ?" ಅಂತ ಮಕ್ಕಳಿಗೆ ಕೇಳತೀವಿ, ಯಾರೂ ಸ್ಟೀಲಿನ ಡಬ್ಬಿ ತಿನ್ನೂದಿಲ್ಲ. ಹಂಗ.

ಇನ್ನ ಈ ಚೀಲ ಸರ್ಕಾರದ ಮನಿ ಹೊಕ್ಕದ್ದು ಹೆಂಗ? ಅದಕ್ಕ ಕಾರಣ ಒಂದು ಬೈಗುಳ. ಖರೇನ, ಬೈಗುಳ.

1733ರಾಗ ಇಂಗ್ಲೆಂಡಿನ ಪ್ರಧಾನಿ ರಾಬರ್ಟ್ ವಾಲ್‌ಪೋಲ್. ಖಜಾನೆ ನೋಡಿಕೊಳ್ಳಾಂವನೂ ಅವನ. ಅಲ್ಲಿ ತನಕ ದ್ರಾಕ್ಷಿ ಮದ್ಯ ಮತ್ತ ತಂಬಾಕಿನ ಸುಂಕ ಬಂದರಿನ್ಯಾಗ ತಗೋತಿದ್ರು. ಕಳ್ಳಸಾಗಾಣಿಕಿ ಭಾಳ ಆಗಾಕತ್ತಿತ್ತು. ಅದಕ್ಕ ಅಂವ, ಬಂದರಿನ್ಯಾಗ ಬ್ಯಾಡ, ಊರೊಳಗ ದಾಸ್ತಾನು ಮಾಡಿಟ್ಟಲ್ಲಿ, ಮಾರೂ ಅಂಗಡಿಯೊಳಗ ಅಬಕಾರಿ ತೆರಿಗಿ ಹಾಕೂಣು ಅಂದ. ಜನ ಬೆಂಕಿ ಆದ್ರು. ಯಾಕಂದ್ರ ಹಂಗ ಮಾಡಿದ್ರ ಅಬಕಾರಿ ಅಧಿಕಾರಿಗಳು ಅಂಗಡಿ, ಉಗ್ರಾಣ ಹೊಕ್ಕು ನೋಡಬೇಕಾಗತಿತ್ತು. ಇವತ್ತ ಅಂಗಡಿಗೆ ಬಂದವರು ನಾಳೆ ಮನಿಗೆ ಬರೂದಿಲ್ಲ ಅಂತ ಏನು ಖಾತ್ರಿ ಅಂತ ಜನಕ್ಕ ಹೆದರಿಕಿ.

ಆವಾಗ ವಾಲ್‌ಪೋಲ್‌ನ ವಿರೋಧಿಗಳು ಒಂದು ಸಣ್ಣ ಪುಸ್ತಕ ಹಂಚಿದ್ರು. ಅದರ ಹೆಸರು 'ದಿ ಬಜೆಟ್ ಓಪನ್ಡ್', ಅಂದ್ರ ಚೀಲ ಬಿಚ್ಚಿತು. ಜಾತ್ರಿಯೊಳಗ ಚೀಲ ಹೊತ್ತು ಬಂದು, ಎಲ್ಲಾ ಜಡ್ಡಿಗೂ ಔಷಧ ಐತಿ ಅಂತ ಬಿಚ್ಚಿ ತೋರಸೂ ನಕಲಿ ವೈದ್ಯನ ಹಂಗ ಈ ಮಂತ್ರಿ ಅಂತ ಅದರಾಗ ಚಾಷ್ಟಿ ಮಾಡಿದ್ರು. ವಾಲ್‌ಪೋಲ್ ತನ್ನ ಅಬಕಾರಿ ತೆರಿಗಿ ಹಿಂದಕ ತಗೊಂಡ. ಆದ್ರ ಆ ಚಾಷ್ಟಿಯ ಶಬ್ದ ಹಿಂದಕ ಹೋಗಲಿಲ್ಲ, ಅಲ್ಲೇ ಉಳೀತು. ವರ್ಷಾ ಖಜಾನೆ ಮಂತ್ರಿ ಲೆಕ್ಕ ಒಪ್ಪಿಸೂದಕ್ಕ 'ಚೀಲ ಬಿಚ್ಚೂದು' ಅನ್ನೂದು ರೂಢಿ ಆತು. ನಮ್ಮೂರಾಗ ಯಾರಿಗರೆ ಒಂದು ಅಡ್ಡಹೆಸರು ಬಿದ್ದರ ಮೊಮ್ಮಕ್ಕಳ ಕಾಲಕ್ಕ ಅದ ಮನೆತನದ ಹೆಸರು ಆಗಿರತೈತಿ ನೋಡ್ರಿ, ಹಂಗಾತು ಇದು.

ಹೆಸರು ಬಿದ್ದ ಮ್ಯಾಲ ಚೀಲಕ್ಕ ಮರ್ಯಾದಿನೂ ಬಂತು. 1860ರ ಸುಮಾರಿಗೆ ಗ್ಲ್ಯಾಡ್‌ಸ್ಟನ್ ಅನ್ನೂ ಮಂತ್ರಿಗೆ ಒಂದು ಕೆಂಪು ಪೆಟ್ಟಿಗಿ ಮಾಡಿಸಿದ್ರು. ಒಬ್ಬಿಬ್ಬರನ್ನ ಬಿಟ್ರ 2010ರ ತನಕ ಬಂದ ಬಂದ ಮಂತ್ರಿಗಳೆಲ್ಲಾ ಅದ ಹಳೇ ಪೆಟ್ಟಿಗಿ ಹಿಡಕೊಂಡು ಬಾಗಲದಾಗ ನಿಂತು ಫೋಟೋ ತಗಸ್ಕೊಂಡ್ರು. ಅವರೊಳಗ ಒಬ್ಬಾಂವ ಸಭಾದಾಗ ಪೆಟ್ಟಿಗಿ ತಗದು ನೋಡಿದ್ರ ಒಳಗ ಭಾಷಣ ಇಲ್ಲ, ಮನ್ಯಾಗ ಮರತು ಬಂದಿದ್ದ ಅಂತ ಒಂದು ಕಥಿನೂ ಹೇಳತಾರ. ಸಂತಿಗೆ ಹೋಗಿ ಪಾಕೀಟ ಮನ್ಯಾಗ ಬಿಟ್ಟು ಬಂದೀನಿ ಅಂತ ಹಣಿ ಬಡಕೊಳ್ಳೂ ನಮಗ ಇದನ್ನ ಕೇಳಿ ಸ್ವಲ್ಪ ಸಮಾಧಾನ.

ನಮ್ಮ ದೇಶಕ್ಕ ಈ ಚೀಲ ತಂದಾಂವ ಜೇಮ್ಸ್ ವಿಲ್ಸನ್. ಸ್ಕಾಟ್‌ಲ್ಯಾಂಡಿನ ಹಾವಿಕ್ ಅನ್ನೂ ಊರಿನವ, ಟೊಪಗಿ ವ್ಯಾಪಾರ ಮಾಡಿದಾಂವ, 'ದಿ ಎಕಾನಮಿಸ್ಟ್' ಪತ್ರಿಕಾ ಶುರು ಮಾಡಿದಾಂವ. 1857ರ ದಂಗೆ ಅಡಗಸೂದ್ರೊಳಗ ಬ್ರಿಟಿಷರ ಖಜಾನೆ ಖಾಲಿ ಆಗಿ ಸಾಲ ಏರಿತ್ತು. ಅದನ್ನ ಸರಿ ಮಾಡಾಕಂತ ಅವನನ್ನ ಕಲಕತ್ತಾಕ್ಕ ಕಳಿಸಿದ್ರು. 1860ರಾಗ ಅಂವ ಹಿಂದುಸ್ತಾನದ ಮೊದಲನೇ ಬಜೆಟ್ ಮಂಡಿಸಿದ. ಆದಾಯ ತೆರಿಗಿ ನಮ್ಮಲ್ಲಿ ಬಂದದ್ದೂ ಅವಾಗ. ವರ್ಷಕ್ಕ 200 ರೂಪಾಯಿಗಿಂತ ಕಡಿಮಿ ಉತ್ಪನ್ನ ಇದ್ದವರನ್ನ ಬಿಟ್ಟಿದ್ರು. ಅದ ವರ್ಷ ಆಗಸ್ಟಿನ್ಯಾಗ ಕಲಕತ್ತಾದೊಳಗ ಅಂವ ತೀರಿಕೊಂಡ. ಅವನು ಹೋದ, ತೆರಿಗಿ ಉಳೀತು.

ಸ್ವಾತಂತ್ರ್ಯ ಬಂದ ಮ್ಯಾಲ ಮೊದಲನೇ ಬಜೆಟ್ ಮಂಡಿಸಿದವರು ಆರ್. ಕೆ. ಷಣ್ಮುಖಂ ಚೆಟ್ಟಿ, 1947ರ ನವೆಂಬರ್ 26ಕ್ಕ. ಅವರೂ ಚರ್ಮದ ಚೀಲನ ಹಿಡಕೊಂಡು ಬಂದಿದ್ರು. ಮಜಾ ಏನಂದ್ರ ನಮ್ಮ ಸಂವಿಧಾನದ 112ನೇ ವಿಧಿಯೊಳಗ ಬಜೆಟ್ ಅನ್ನೂ ಶಬ್ದನ ಇಲ್ಲ. ವಾರ್ಷಿಕ ಹಣಕಾಸು ವಿವರಣ ಪಟ್ಟಿ ಅಂತ ಐತಿ. ಕನ್ನಡದಾಗ ಆಯವ್ಯಯ, ಮುಂಗಡ ಪತ್ರ ಅಂತೀವಿ. ಬಾಜೂಕಿನ ಮರಾಠಿಯವರು ಅಂದಾಜಪತ್ರಕ ಅಂತಾರ. ಇವೆಲ್ಲಾ ಹಾಳಿಯ ಹೆಸರು. ಬಜೆಟ್ ಒಂದ ಚೀಲದ ಹೆಸರು.

ನಾ ಸಣ್ಣಾಕಿ ಇದ್ದಾಗ ಬಜೆಟ್ ಸಂಜೀ 5 ಗಂಟೇಕ್ಕ ಇರತಿತ್ತು. ಅದು ಬ್ರಿಟಿಷರ ಕಾಲದ ರೂಢಿ, 1999ರಾಗ ಅದನ್ನ ಮುಂಜಾನೆ 11ಕ್ಕ ತಂದ್ರು. ನಮ್ಮಪ್ಪ ರೇಡಿಯೋ ಕಿವಿಗೆ ಹಚ್ಚಿಕೊಂಡು ಕುಂತಿರತಿದ್ದ. ನಮ್ಮವ್ವ ಒಳಗಿಂದ, "ಸಕ್ಕರಿ ಏರತೇನು, ಸೀಮಿಎಣ್ಣಿ ಏರತೇನು, ಅಷ್ಟ ಹೇಳ್ರಿ ಸಾಕು" ಅಂತಿದ್ಲು. ಆಕಿಗೆ ಬೇಕಾದ ಬಜೆಟ್ ಅಷ್ಟ.

ಈಗ ಮುಖ್ಯ ಮಾತಿಗೆ ಬರತೀನಿ. ಸರ್ಕಾರದ ಈ ಚೀಲ ಹೊತ್ತಿಗಿಂತ ಮೊದಲ ಬಿಚ್ಚಬಾರದಂತ ಎಷ್ಟು ಕಾವಲು ಮಾಡತಾರ ಗೊತ್ತೇನು? 1947ರ ನವೆಂಬರಿನ್ಯಾಗ ಇಂಗ್ಲೆಂಡಿನ ಹಣಕಾಸು ಮಂತ್ರಿ ಹ್ಯೂ ಡಾಲ್ಟನ್ ಸಭಾಕ್ಕ ಹೋಗೂ ಹಾದ್ಯಾಗ ಒಬ್ಬ ಪತ್ರಕರ್ತನ ಮುಂದ ಎರಡು ಮಾತು ಬಾಯಿಬಿಟ್ಟ. ಮಂತ್ರಿ ಭಾಷಣ ಮುಗಸೂದ್ರಾಗ ಅದು ಪೇಪರಿನ್ಯಾಗ ಬಂದಿತ್ತು. ಅಷ್ಟಕ್ಕ ಡಾಲ್ಟನ್ ರಾಜೀನಾಮಿ ಕೊಡಬೇಕಾತು. ನಮ್ಮಲ್ಲೂ 1950ರಾಗ ಬಜೆಟ್ಟಿನ ಕೆಲವು ಸಂಗತಿ ಸೋರಿ ಹೊರಗ ಬಂತಂತ, ರಾಷ್ಟ್ರಪತಿ ಭವನದಾಗ ನಡೀತಿದ್ದ ಅದರ ಛಾಪಖಾನಿ ಕೆಲಸ ಮಿಂಟೋ ರೋಡಿಗೆ ಹೋತು. 1980ರಾಗ ಅಲ್ಲಿಂದ ನಾರ್ತ್ ಬ್ಲಾಕಿನ ನೆಲಮಾಳಿಗಿಗೆ. ಛಾಪಸೂದಕ್ಕ ಮೊದಲ ದೊಡ್ಡ ಕಡಾಯಿಯೊಳಗ ಹಲ್ವಾ ಮಾಡಿ ಎಲ್ಲಾರಿಗೂ ಹಂಚತಾರ. ಹಲ್ವಾ ತಿಂದ ನೌಕರರು ಬಜೆಟ್ ಮುಗಿಯೂ ತನಕ ಅಲ್ಲೇ ಬಂದಿ. ಮನಿಗೆ ಹೋಗೂ ಹಂಗಿಲ್ಲ, ಫೋನ್ ಹಚ್ಚೂ ಹಂಗಿಲ್ಲ.

2019ರಾಗ ನಿರ್ಮಲಾ ಸೀತಾರಾಮನ್ ಅವರು ಚರ್ಮದ ಚೀಲ ಬಿಟ್ಟು, ಸಾವಕಾರ ಅಂಗಡಿಯ ಖಾತೆ ಪುಸ್ತಕದಂಗ ಕೆಂಪು ಅರಿವಿಯೊಳಗ ಕಾಗದ ಸುತ್ತಿಕೊಂಡು ಬಂದ್ರು. 2021ರಿಂದ ಆ ಕೆಂಪು ಅರಿವಿಯೊಳಗ ಟ್ಯಾಬ್ಲೆಟ್ ಬಂತು. ಇಂದಿರಾ ಗಾಂಧಿಯವರು 1970ರಾಗ ಮಂಡಿಸಿದ ಮ್ಯಾಲ ಹೆಣ್ಣಮಗಳ ಕೈಗೆ ಈ ಚೀಲ ಬಂದದ್ದು ಇದ ಎರಡನೇ ಸಲ.

ಚೀಲ ಬದಲಾತು, ಬಣ್ಣ ಬದಲಾತು. ಒಂದು ಮಾತ್ರ ಬದಲಾಗಿಲ್ಲ. ಯಾರ ಕೈಯಾಗ ಚೀಲ ಐತಿ, ಅವರ ಅದನ್ನ ಬಿಚ್ಚಬೇಕು. ಅದೂ ಅವರು ಹೇಳಿದ ದಿನ, ಅವರು ಹೇಳಿದ ಹೊತ್ತಿಗೆ.

ಅದಕ್ಕ ನನ್ನ ರೊಟ್ಟಿ ಸೀದದ್ದು.

ನಮ್ಮ ಅತ್ತಿಯವರ ಕಡೆ ಒಂದು ಚಂಚಿ ಇತ್ತು. ನಿಮ್ಮೊಳಗ ವಯಸ್ಸಾದವರಿಗೆ ಚಂಚಿ ಗೊತ್ತಿರತೈತಿ. ಎಲಿ ಅಡಕಿ ಹಾಕೂ ಅರಿವಿ ಚೀಲ, ನಾಕೈದು ಅರಿ ಇರತಾವ, ದಾರ ಎಳದು ಸುತ್ತಿ ಟೊಂಕಕ್ಕ ಸಿಗಸೂದು. ಎಲಿಗೊಂದು ಅರಿ, ಅಡಕಿಗೊಂದು, ಸುಣ್ಣದ ಡಬ್ಬಿಗೊಂದು. ಎಲ್ಲಾಕ್ಕಿಂತ ಒಳಗಿನ ಅರಿ ರೊಕ್ಕದ್ದು. ಮನ್ಯಾಗ ಮಗ, ಸೊಸಿ, ಮೊಮ್ಮಕ್ಕಳು ಯಾರೂ ಅದಕ್ಕ ಕೈ ಹಾಕತಿರಲಿಲ್ಲ. ಹಾಕಬಾರದಂತ ಯಾರೂ ಹೇಳಿದ್ದಿಲ್ಲ, ಆದ್ರೂ ಹಾಕತಿರಲಿಲ್ಲ.

2016ರ ನವೆಂಬರ್ 8ಕ್ಕ ರಾತ್ರಿ 8ಕ್ಕ ಟಿವಿಯೊಳಗ 500, 1000ದ ನೋಟು ಬಂದ್ ಅಂದ್ರು. ದೇಶದಾಗ ಓಡಾಡೂ ರೊಕ್ಕದಾಗ ಬೆಲೆ ಲೆಕ್ಕಕ್ಕ 86 ಪರ್ಸೆಂಟ್ ಅವ ನೋಟು ಇದ್ದುವು. ಬ್ಯಾಂಕಿನ್ಯಾಗ ಒಬ್ಬರಿಗೆ 4000ದ ತನಕ ಬದಲಿ ಅಂದ್ರು, ಆಮ್ಯಾಲ 4500, ಆಮ್ಯಾಲ 2000ಕ್ಕ ಇಳಿಸಿ ಬಟ್ಟಿಗೆ ಶಾಯಿ ಹಚ್ಚಿದ್ರು. ನವೆಂಬರ್ 24ರ ಮ್ಯಾಲ ಬದಲಿ ಬಂದ್ ಆಗಿ ಖಾತೆಕ್ಕ ತುಂಬೂದು ಅಷ್ಟ ಉಳೀತು, ಡಿಸೆಂಬರ್ 30ರ ತನಕ.

ಅತ್ತಿಯವರು ಎಂಟು ದಿನ ಸುಮ್ಮನ ಇದ್ರು. ಉಣ್ಣೂದು ಕಡಿಮಿ ಮಾಡಿದ್ರು. ಒಂಬತ್ತನೇ ದಿನ ಹಿತ್ತಲದಾಗ ನಾನು ಅರಿವಿ ಒಗಿಯೂ ಹೊತ್ತಿನ್ಯಾಗ ಬಂದು ನಿಂತು, "ನನ್ನ ಕಡೆ ಒಂದೀಟು ಅದಾವವ್ವ" ಅಂದ್ರು.

ನಾನು ಆವಾಗ ಮಾಡಬೇಕಾದದ್ದು ಏನು ಅಂತ ಈಗ ಗೊತ್ತೈತಿ. ಅವರನ್ನ ಕರಕೊಂಡು ಹೋಗಿ ಅವರ ಹೆಸರಿಲೆ ಒಂದು ಖಾತೆ ತಗಸಬೇಕಿತ್ತು. ಹೆಂಗಸರು ಮನ್ಯಾಗ ಉಳಿಸಿದ್ದು ಎರಡೂವರೆ ಲಕ್ಷದ ತನಕ ತುಂಬಿದ್ರ ಕೇಳೂದಿಲ್ಲ ಅಂತ ಸರ್ಕಾರದವರೂ ಹೇಳಿದ್ರು. ಆದ್ರ ನಾ ಏನು ಮಾಡಿದೆ? ರಾತ್ರಿ ಊಟಕ್ಕ ಕುಂತಾಗ ನಮ್ಮ ಮನಿಯವರ ಮುಂದ ಹೇಳಿಬಿಟ್ಟೆ.

ಅವರೇನು ಸಿಟ್ಟಾಗಲಿಲ್ಲ. ನಕ್ಕರು. ಮಕ್ಕಳೂ ನಕ್ಕರು. "ಅಬ್ಬಬ್ಬಾ, ಕಪ್ಪು ಹಣ ನಮ್ಮ ಮನ್ಯಾಗ ಐತಿ" ಅಂತ. ಅತ್ತಿಯವರು ಪಡಸಾಲ್ಯಾಗ ಕುಂತು ಚಂಚಿ ಬಿಚ್ಚಿದ್ರು. ಅದರೊಳಗ ಹಿಡೀಲಾರದ್ದು ಜ್ವಾಳದ ಡಬ್ರಿಯೊಳಗ ಇತ್ತು, ಅದನ್ನೂ ತಂದ್ರು. ನೋಟು ಎಣಿಸಿದಾಕಿ ನಾನ. ಗಟ್ಟಿಯಾಗಿ ಎಣಿಸಿದೆ. 500ರ ನೋಟು 31, 1000ದ ನೋಟು 3. ಒಟ್ಟು 18,500. ಎಮ್ಮಿ ಇದ್ದಾಗ ಬೆಣ್ಣಿ ಮಾರಿದ್ದು, ಮದುವಿ ಮುಂಜಿವ್ಯಾಗ ಆಯೇರಿ ಬಂದದ್ದು, ಹಬ್ಬಕ್ಕ ಸೀರಿ ತಗೋ ಅಂತ ಕೊಟ್ಟಾಗ ಸೀರಿ ತಗೊಳ್ಳದ ಇಟ್ಟದ್ದು. "ಇಷ್ಟು ಯಾಕ ಕೂಡಿಸಿಟ್ಟಿದ್ದಿ ಬೇ?" ಅಂತ ಮಗ ಕೇಳಿದ್ರು. ಅತ್ತಿಯವರು, "ಸುಮ್ಮನ" ಅಂದ್ರು.

ಮರುದಿನ ರೊಕ್ಕ ನಮ್ಮ ಮನಿಯವರ ಖಾತೆಕ್ಕ ಹೋತು. ಎಲ್ಲಿಗೂ ಹೋಗೂದಿಲ್ಲ, ಬೇಕಾದಾಗ ಕೇಳು ಅಂದ್ರು. ಅವರು ಹೇಳಿದ್ದು ಖರೇನ ಇತ್ತು, ಕೇಳಿದ್ರ ಕೊಡತಿದ್ರು.

ಮುಂದಿನ ವರ್ಷ ನಾಗರಪಂಚಮಿ ಬಂತು. ಅತ್ತಿಯವರ ತಂಗಿ ಬಂದ್ರು. ಅವರು ಮಕ್ಕಳಿಲ್ಲದಾಕಿ, ಗಂಡ ಇಲ್ಲದಾಕಿ, ಹಳ್ಳಿಯೊಳಗ ಒಬ್ಬಾಕೆ ಇರೂದು. ಉಂಡಿ ತಿಂದು, ಎರಡು ದಿನ ಇದ್ದು ಹೊಂಟರು. ಬಾಗಲದಾಗ ನಿಂತಾಗ ಅತ್ತಿಯವರ ಕೈ ತಂತಾನ ಟೊಂಕಕ್ಕ ಹೋತು. ಚಂಚಿ ಬಿಚ್ಚಿದ್ರು, ಒಳಗಿನ ಅರಿಯೊಳಗ ಬಟ್ಟು ಹಾಕಿದ್ರು, ಹಂಗ ನಿಂತ್ರು. ಆಮ್ಯಾಲ ಒಂದು ಅಡಕಿ ಹೋಳು ತಗದು ತಂಗಿ ಕೈಯಾಗ ಇಟ್ರು.

ಆವಾಗ ನನಗ ತಿಳೀತು "ಸುಮ್ಮನ" ಅಂದ್ರ ಏನಂತ. ವರ್ಷಾ ಪಂಚಮಿಗೆ ಒಬ್ಬರಿಗೂ ಗೊತ್ತಾಗದಂಗ ಒಂದು ನೋಟು ಆ ಚಂಚಿಯಿಂದ ಆ ಕೈಗೆ ಹೋಗತಿತ್ತು. ಮಗನ್ನ ಕೇಳಿದ್ರ ಕೊಡತಿದ್ದ, ಖರೇ. ಆದ್ರ ತಂಗಿಗೆ ಕೊಡಾಕ ಮಗನ್ನ ಕೇಳೂದು ಬ್ಯಾರೆ, ತನ್ನ ಚಂಚಿ ಬಿಚ್ಚಿ ಕೊಡೂದು ಬ್ಯಾರೆ. ನಾ ಒಳಗ ಓಡಿ ಹೋಗಿ ಸಾಸಿವಿ ಡಬ್ಬಿಯೊಳಗ ಇದ್ದ ನನ್ನ ರೊಕ್ಕ ತಂದು ಅತ್ತಿಯವರ ಕೈಯಾಗ ಇಟ್ಟೆ. ಅವರು ತಂಗಿಗೆ ಕೊಟ್ಟರು. ನನ್ನ ಮಾರಿ ನೋಡಲಿಲ್ಲ.

ಅತ್ತಿಯವರು ಈಗಿಲ್ಲ. ಆ ಮಾತು ನಾವಿಬ್ಬರೂ ಒಮ್ಮೆನೂ ಆಡಲಿಲ್ಲ.

1733ರಾಗ ಇಂಗ್ಲೆಂಡಿನ ಜನ ಯಾಕ ಬೆಂಕಿ ಆದ್ರು ಅಂತ ಓದಿದಾಗ ನನಗ ನಮ್ಮ ಪಡಸಾಲಿ ಕಣ್ಣ ಮುಂದ ಬಂತು. ಸರ್ಕಾರದ ಚೀಲದಾಗ ಇರೂದು ಊರ ಮಂದಿ ರೊಕ್ಕ. ಸಕ್ಕರಿ ಮ್ಯಾಲ, ಸಾಬೂನಿನ ಮ್ಯಾಲ ನಾವು ನೀವು ಕೊಟ್ಟ ತೆರಿಗಿ. ಅದನ್ನ ಎಲ್ಲಾರ ಮುಂದ ಬಿಚ್ಚಿ ಲೆಕ್ಕ ಒಪ್ಪಿಸಬೇಕು, ಅದು ನ್ಯಾಯ. ಆ ಚೀಲಕ್ಕ ಹಲ್ವಾ, ಕಾವಲು, ಮುಹೂರ್ತ. ಅತ್ತಿಯವರ ಚಂಚಿಯೊಳಗ ಇದ್ದದ್ದು ಅವರ ಸ್ವಂತದ್ದು. ಅದನ್ನ ಒಂದು ರಾತ್ರಿಯೊಳಗ ಮಂದಿ ಮುಂದ ಬಿಚ್ಚಿಸಿ, ಎಣಿಸಿ, ನಕ್ಕು ಬಿಟ್ಟಿವಿ. ಸರ್ಕಾರ ನೋಟು ಬಂದ್ ಮಾಡಿದ್ದು ಖರೇ, ಆದ್ರ ಚಂಚಿ ಬಿಚ್ಚಿಸಿದವರು ನಾವು.

2021ರಾಗ ಆಗ್ರಾದ ಆದಾಯ ತೆರಿಗಿ ನ್ಯಾಯಮಂಡಳಿ ಒಬ್ಬ ಗೃಹಿಣಿಯ ಕೇಸಿನ್ಯಾಗ ತೀರ್ಪು ಕೊಟ್ಟಿತು. ನೋಟು ಬಂದ್ ಆದಾಗ ಆಕಿ 2,11,500 ರೂಪಾಯಿ ಬ್ಯಾಂಕಿಗೆ ತುಂಬಿದ್ಲು. ಅದು ಮನ್ಯಾಗ ಉಳಿಸಿದ್ದು, ಎರಡೂವರೆ ಲಕ್ಷದ ಒಳಗಿನ ಇಂಥಾ ರೊಕ್ಕ ಗೃಹಿಣಿಯ ಆದಾಯ ಅಂತ ಲೆಕ್ಕ ಹಿಡಿಯೂ ಹಂಗಿಲ್ಲ ಅಂದ್ರು. ಆಕಿನೂ ಅತ್ತಿಯವರ ಹಂಗ ಉಳಿಸಿದಾಕಿ. ಆದ್ರ ಆಕಿ ರೊಕ್ಕ ಆಕಿ ಖಾತೆಯೊಳಗ ಇತ್ತು. ಪ್ರಶ್ನೆ ಕೇಳಿದಾಗ ಉತ್ತರ ಕೊಡಾಕ ಆಕಿಗೆ ಒಂದು ಜಾಗಾ ಸಿಕ್ತು. ನಮ್ಮ ಅತ್ತಿಯವರಿಗೆ ಅದೂ ಸಿಗಲಿಲ್ಲ.

2005ರಿಂದ ದಿಲ್ಲಿ ಬಜೆಟ್ಟಿನ ಜೋಡಿ ಹೆಣ್ಣಮಕ್ಕಳ ಯೋಜನೆಗೆ ಎಷ್ಟು ಇಟ್ಟಾರ ಅಂತ ಬ್ಯಾರೆ ಪಟ್ಟಿ ಕೊಡತಾರ. ನಮ್ಮ ರಾಜ್ಯದ ಬಜೆಟ್ಟಿನಿಂದ 2023ರ ಆಗಸ್ಟಿನಿಂದ ಗೃಹಲಕ್ಷ್ಮಿಯ 2000 ಮನಿ ಯಜಮಾನಿ ಖಾತೆಕ್ಕ ಬರತೈತಿ. ಬೂಜೆಟ್ ಅನ್ನೂ ಚೀಲ ಎಲ್ಲೆಲ್ಲೋ ತಿರುಗಿ ನಮ್ಮ ಚಂಚಿ ತನಕ ಬಂದಂಗಾತು ಅಂತ ಖುಷಿ ಆಗತೈತಿ. ಆದ್ರ ಎಷ್ಟು ಮನ್ಯಾಗ ಆ ಖಾತೆಯ ಕಾರ್ಡು ಯಾರ ಪಾಕೀಟಿನ್ಯಾಗ ಐತಿ, ಅದರ ಗುಪ್ತ ನಂಬರು ಯಾರಿಗೆ ಗೊತ್ತೈತಿ, ಅದನ್ನ ನೀವ ನಿಮ್ಮ ಮನಿಯೊಳಗ ನೋಡಿಕೊಳ್ಳ್ರಿ.

ನಮ್ಮ ಮನಿಯವರೂ ತಿಂಗಳಾ ಒಂದನೇ ತಾರೀಖಿಗೆ "ಬಜೆಟ್ ಮಾಡೂಣು" ಅಂತಾರ. ಮೂವತ್ತು ವರ್ಷ ಅದರ ಅರ್ಥ ನನ್ನ ಖರ್ಚಿನ ಲೆಕ್ಕ ಒಪ್ಪಿಸೂದು ಅಂತನ ಇತ್ತು. ಈ ಸಲ ನಾ ಹೇಳಿದೆ: "ಬಜೆಟ್ ಅಂದ್ರ ಚೀಲ ಬಿಚ್ಚೂದಂತ. ಮನಿ ರೊಕ್ಕದ್ದು ಇಬ್ಬರ ಚೀಲಾನೂ ಬಿಚ್ಚೂಣು. ಮೊದಲ ನಿಮ್ಮದು." ಅವರು ಒಂದು ಗಳಿಗಿ ನನ್ನ ಮಾರಿ ನೋಡಿದ್ರು. ಆಮ್ಯಾಲ ಒಳಗ ಹೋಗಿ ಪಾಸ್‌ಬುಕ್ ತಂದ್ರು. ಪೆನ್ಷನ್ ಎಷ್ಟು, ಸಾಲದ ಕಂತು ಎಷ್ಟು, ಮೊದಲನೇ ಸಲ ನಾ ಪೂರಾ ನೋಡಿದೆ. ನಾನೂ ಮನಿ ಖರ್ಚಿನ ಚೀಟಿ ಇಟ್ಟೆ.

ಚಂಚಿ ಮಾತ್ರ ಬಿಚ್ಚಲಿಲ್ಲ. ಅದು ಈಗ ನನ್ನ ಟ್ರಂಕಿನ್ಯಾಗ ಐತಿ. ದಾರ ಜಡ್ಡ ಹಿಡದೈತಿ, ಅಡಕಿ ವಾಸನಿ ಇನ್ನೂ ಹೋಗಿಲ್ಲ. ಚಿಗವ್ವಗ ಈಗ ಎಂಬತ್ತರ ಮ್ಯಾಲ, ಓಡಾಡೂದು ಆಗೂದಿಲ್ಲ. ಪಂಚಮಿಗೆ ನಾನ ಹಳ್ಳಿಗೆ ಹೋಗಿ ಬರತೀನಿ. ಒಳಗಿನ ಅರಿಯೊಳಗ ಎಷ್ಟು ಐತಿ ಅಂತ ನಿಮಗೂ ಹೇಳೂದಿಲ್ಲ.